ಹಡಗಿನ ಹಾಜರಿ

ಆದವಾನಿ ಸೀಮೆಯ ನನ್ನ ಹಳೆಯ ವಿದ್ಯಾರ್ಥಿಗಳಿಗೆ,

ಮಕ್ಕಳೇ ಎಂದು ಬರೆಯಹೋಗಿ ಕೈ ತಡೆದೆ. ನಿಮ್ಮಲ್ಲಿ ಕೆಲವರಿಗೆ ಆಗಲೇ ಮೊಮ್ಮಕ್ಕಳಾಗಿವೆ. ಕನ್ನಡ ಮಾಧ್ಯಮದ ಆ ಬಂಡೆ ಚಾವಣಿಯ ಕೋಣೆಯಲ್ಲಿ ನನ್ನೆದುರು ಕೂತವರು, ಕೋಸಿಗಿ, ಕೌತಾಳಂ, ಹೊಳಗುಂದ, ಪೆದ್ದಕಡಬೂರಿನ ಕಡೆಯಿಂದ ಬಂದು ಹೋದವರು, ಈಗ ಬೆಂಗಳೂರಿನ ಯಾವುದೋ ಕಟ್ಟಡದಲ್ಲಿ ಸೆಂಟ್ರಿಂಗ್ ಕಟ್ಟುತ್ತಿರುವವರು, ಎಲ್ಲರೂ ಈ ಕಾಗದ ನಿಮಗೇ ಎಂದು ತಿಳಿಯಿರಿ. ಓದು ಮರೆತವರಿಗೆ ಓದು ಬಲ್ಲವರು ಓದಿ ಹೇಳಿ.

ಹೋದ ವಾರ ಪೇಟೆಯಲ್ಲಿ ಉಗ್ಗಾಣಿ ಬಜ್ಜಿ ಕಟ್ಟಿಸಿಕೊಳ್ಳುತ್ತಾ ನಿಂತಿದ್ದೆ. ಹಿಂದಿನಿಂದ ಒಬ್ಬ ಬಂದು ಕಾಲಿಗೆರಗಿದ. ಹತ್ತಿ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುವವನು. ಐದನೇ ತರಗತಿಯಲ್ಲಿ ಕಿಟಕಿ ಪಕ್ಕ ಕೂರುತ್ತಿದ್ದ.

“ಸಾರ್, ಅಮೆರಿಕದಾಗ ಹಡಗು ಹತ್ತಿದ್ರಂತಲ್ರಿ. ಒಳಗ ಹೆಂಗಿರ್ತೈತ್ರಿ?”

“ಭಾಳ ದೊಡ್ಡದೈತಪ್ಪ,” ಅಂದೆ.

ಅವನು ಇನ್ನೂ ಕೇಳಬೇಕೆಂದು ನಿಂತಿದ್ದ. ನಾನು ಪೊಟ್ಟಣ ಹಿಡಿದು ಮನೆ ದಾರಿ ಹಿಡಿದೆ. ಹೇಳದೆ ಬಂದದ್ದು ಎರಡು ದಿನ ಕೊರೆಯಿತು. ಹೇಳುವುದು ಇತ್ತು. ಅರ್ಧ ಹಡಗಿನ ಮಾತು, ಇನ್ನರ್ಧ ಅವನ ಹೆಸರಿನ ಮಾತು. ಮೊದಲು ಹಡಗಿನದು ಬರೆಯುತ್ತೇನೆ.

ಮಗಳು ಅಳಿಯ ಫ್ಲಾರಿಡಾದಲ್ಲಿದ್ದಾರೆ. ಹೋದ ಜನವರಿಯಲ್ಲಿ ನಮ್ಮಿಬ್ಬರನ್ನೂ ಕರೆಸಿಕೊಂಡರು. ಅವರು ಕೆಲಸಕ್ಕೆ ಹೋದರೆ ನಾವು ಇಡೀ ದಿನ ಗೋಡೆ ನೋಡುತ್ತಾ ಕೂರಬೇಕಲ್ಲ ಎಂದು ಅಳಿಯ ಎಲ್ಲರಿಗೂ ಏಳು ರಾತ್ರಿಯ ಕೆರಿಬಿಯನ್ ಕ್ರೂಸ್‌ಗೆ ಟಿಕೆಟ್ ತೆಗೆಸಿದ. ಮಿಯಾಮಿ ಬಂದರಿನಲ್ಲಿ ಹತ್ತುವುದು, ಎರಡು ದಿನ ಬರೀ ನೀರು, ಆಮೇಲೆ ಸೇಂಟ್ ಮಾರ್ಟಿನ್, ಸೇಂಟ್ ಥಾಮಸ್ ಎಂಬ ದ್ವೀಪಗಳು, ಬರುವಾಗ ಬಹಾಮಾಸ್‌ನ ಒಂದು ಮರಳು ದಂಡೆ, ಎಂಟನೆಯ ಬೆಳಿಗ್ಗೆ ಮತ್ತೆ ಮಿಯಾಮಿ. ಎಷ್ಟು ಖರ್ಚಾಯಿತೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಮೂರನೇ ದಿನ ನನ್ನ ಹೆಂಡತಿ ಅದನ್ನು ಮಗಳ ಬಾಯಿಂದ ಹೊರಡಿಸಿದಳು. ಆ ರಾತ್ರಿ “ಕೊಟ್ಟ ರೊಕ್ಕಕ್ಕಾದ್ರೂ ಉಣಬೇಕು” ಎಂದು ಎರಡು ಸಲ ತಟ್ಟೆ ತುಂಬಿಕೊಂಡು ಬಂದಳು.

ಅದಕ್ಕೆ ಮುಂಚೆ ನಾನು ನೀರಿನ ಮೇಲೆ ಹೋದದ್ದು ಹರಿಗೋಲಿನಲ್ಲಿ ಮಾತ್ರ. ತುಂಗಭದ್ರೆಯ ಆಚೆ ರಾಯಚೂರು ಸೀಮೆ, ಈಚೆ ನಮ್ಮದು. ಮದುವೆಗೋ ತೊಟ್ಟಿಲಿಗೋ ಹೊಳೆ ದಾಟಬೇಕಾದರೆ ಬಿದಿರು ಹೆಣೆದ ಆ ಬುಟ್ಟಿಯಲ್ಲಿ ಹತ್ತು ಮಂದಿ ಕುಕ್ಕರಗಾಲಲ್ಲಿ ಕೂರುತ್ತಿದ್ದೆವು. ಅದು ಸುತ್ತುವಾಗ ತಲೆ ತಿರುಗಬಾರದೆಂದು ಎದುರು ದಂಡೆಯ ಒಂದೇ ಮರವನ್ನು ನೋಡುತ್ತಿದ್ದೆವು. ಮಿಯಾಮಿಯಲ್ಲಿ ಮಗಳು ಕೈ ತೋರಿಸಿದಾಗ ಹಡಗು ಕಾಣಲಿಲ್ಲ. ಬಂದರಿನ ಪಕ್ಕ ಕಟ್ಟಿದ ಬಿಳಿ ಹೋಟೆಲು ಕಂಡಿತು. ಅದೇ ಹಡಗು. 2024ರ ಜನವರಿಯಲ್ಲಿ ಇದೇ ಬಂದರಿನಿಂದ ಮೊದಲ ಸಲ ಹೊರಟ ಐಕಾನ್ ಆಫ್ ದಿ ಸೀಸ್ ಎಂಬ ಹಡಗಿಗೆ 365 ಮೀಟರ್ ಉದ್ದ, ಇಪ್ಪತ್ತು ಅಂತಸ್ತು, ತುಂಬಿದರೆ 7,600 ಪ್ರಯಾಣಿಕರು. ನಮ್ಮದು ಅದರ ಮುಂದೆ ಕರು. ಆದರೂ ಪ್ರಯಾಣಿಕರು ಮೂರು ಸಾವಿರದ ಮೇಲೆ, ಕೆಲಸದವರು ಸಾವಿರದ ಮೇಲೆ ಇದ್ದರು. ನಮ್ಮ ಕಡೆಯ ಒಂದು ದೊಡ್ಡ ಹಳ್ಳಿಯನ್ನು ಹಾಗೇ ಎತ್ತಿ ನೀರಿನ ಮೇಲಿಟ್ಟಂತೆ, ದನ ಮತ್ತು ಧೂಳು ಬಿಟ್ಟು.

ಲಾರಿಯ ಹಿಂದೆ ಊರ ಹೆಸರು ಬರೆದ ಹಾಗೆ ಹಡಗಿನ ಹಿಂಭಾಗದಲ್ಲೂ ಬರೆದಿತ್ತು: ನಸಾವು. ಅದು ಬಹಾಮಾಸ್ ದೇಶದ ರಾಜಧಾನಿ. ಕಂಪನಿಯ ಕಚೇರಿ ಅಮೆರಿಕದಲ್ಲಿ, ಹತ್ತುವವರು ಬಹುಪಾಲು ಅಮೆರಿಕದವರು, ನೋಂದಣಿ ಮಾತ್ರ ಆ ಪುಟ್ಟ ದೇಶದ್ದು. ಹಾಗೆ ಮಾಡಿದರೆ ತೆರಿಗೆ ಉಳಿಯುತ್ತದೆ, ಒಳಗೆ ದುಡಿಯುವವರಿಗೆ ಅಮೆರಿಕದ ಕನಿಷ್ಠ ಕೂಲಿ ತಾಗುವುದಿಲ್ಲ ಎಂದು ಅಳಿಯ ಬಿಡಿಸಿ ಹೇಳಿದ. “ಮೇಸ್ತ್ರಿಗಳ ಬುದ್ಧಿ ಎಲ್ಲಾ ಕಡೆ ಒಂದೇ” ಅಂದೆ. ಅವನಿಗೆ ಅರ್ಥವಾಗಲಿಲ್ಲ. ನಿಮಗೆ ಆಗುತ್ತದೆ.

ನಮ್ಮ ಕೋಣೆ ಎಂಟನೇ ಅಂತಸ್ತಿನಲ್ಲಿ. ಮಂಚ, ಕುರ್ಚಿ, ಸಮುದ್ರ ಕಾಣುವ ಗಾಜು. ಬಚ್ಚಲು ಎಷ್ಟು ಇಕ್ಕಟ್ಟೆಂದರೆ ಸೋಪು ಕೆಳಗೆ ಬಿದ್ದರೆ ಬಾಗಿಲು ತೆರೆದು ಹೊರಗೆ ಬಂದು ಬಗ್ಗಬೇಕು. ಮೊದಲ ರಾತ್ರಿ ಪಾಯಖಾನೆಯ ಗುಂಡಿ ಒತ್ತಿದೆ. ಜಿನ್ನಿಂಗ್ ಮಿಲ್ಲಿನ ಪಟ್ಟಿ ಹರಿದಂಥ ಸದ್ದು ಬಂತು. “ಏನ್ ಮುರದ್ರಿ?” ಎಂದು ಹೆಂಡತಿ ಹೊರಗಿಂದ ಕೂಗಿದಳು. ನೀರು ಉಳಿಸಲೆಂದು ಎಲ್ಲವನ್ನೂ ಗಾಳಿಯ ಸೆಳೆತದಿಂದ ಎಳೆದುಕೊಳ್ಳುವ ಏರ್ಪಾಡಂತೆ.

ನೀರೆಂದ ಮೇಲೆ ಅವಳ ವಿಷಯ ಹೇಳಲೇಬೇಕು. ನಳ ಇವತ್ತು ಬಂದೀತೋ ನಾಳೆಯೋ ಎಂದು ಬೆಳಗಿನ ನಾಲ್ಕಕ್ಕೆ ಎದ್ದು ಕೊಡ ಸಾಲಿಟ್ಟು ಮುದುಕಿಯಾದವಳು. ಹೊಸಪೇಟೆ ಅಣೆಕಟ್ಟಿನಿಂದ ಎಲ್ಎಲ್‌ಸಿ ಕಾಲುವೆಗೆ ನೀರು ಬಿಟ್ಟರೆಂದು ಪೇಪರಿನಲ್ಲಿ ಬಂದರೆ ನಮ್ಮ ಮನೆಯಲ್ಲಿ ಸಣ್ಣ ಹಬ್ಬ. ಹಡಗಿನಲ್ಲಿ ಹಗಲೂ ರಾತ್ರಿ ಬಿಸಿನೀರು, ತಣ್ಣೀರು. ಎಲ್ಲಿಂದ ಬರುತ್ತದೆ ಎಂಬುದೇ ಅವಳ ಚಿಂತೆ. ಸುತ್ತಲಿನ ಉಪ್ಪುನೀರನ್ನೇ ಇಂಜಿನ್ನಿನ ಶಾಖದಿಂದ ಆವಿ ಮಾಡಿ ಮತ್ತೆ ನೀರಾಗಿಸುತ್ತಾರೆ, ಇಲ್ಲವೆ ಒತ್ತಡ ಕೊಟ್ಟು ತೆಳು ಪೊರೆಯಲ್ಲಿ ಸೋಸುತ್ತಾರೆ ಎಂದು ಅಳಿಯ ಹೇಳಿದ. ಅವಳು ತಲೆಯಾಡಿಸಿದಳು. ಆದರೂ ಏಳು ರಾತ್ರಿಯೂ ಮಲಗುವ ಮುಂಚೆ ಮೂರು ಬಾಟಲಿ ನೀರು ತುಂಬಿಟ್ಟಳು. “ನಾಳೆ ಬರ್ಲಿಲ್ಲಂದ್ರ?”

ದಿನಕ್ಕೆರಡು ಸಲ ಇಂಡೋನೇಷ್ಯಾದ ಒಬ್ಬ ಹುಡುಗ ಬಂದು ಕೋಣೆ ಓರಣ ಮಾಡುತ್ತಿದ್ದ. ಟವಲು ಮಡಿಚಿ ಒಂದು ದಿನ ಆನೆ, ಇನ್ನೊಂದು ದಿನ ಕೋತಿ ಮಾಡಿ ಮಂಚದ ಮೇಲೆ ಕೂರಿಸುತ್ತಿದ್ದ. ಆನೆ ಬಿಚ್ಚಲು ಹೆಂಡತಿಗೆ ಮನಸ್ಸಾಗದೆ ಒಂದು ದಿನ ನಾನು ಅಂಗಿಯಲ್ಲೇ ಮೈ ಒರೆಸಿಕೊಂಡೆ. ಅವನ ಪಾಲಿಗೆ ಇಪ್ಪತ್ತಕ್ಕೂ ಹೆಚ್ಚು ಕೋಣೆ. ಪ್ರತಿ ಕೋಣೆಗೂ ಒಂದು ಆನೆ.

ಊಟದ ಬಗ್ಗೆ ಬರೆದರೆ ಇನ್ನೊಂದು ಕಾಗದ ಬೇಕು. ಎಲ್ಲ ಇತ್ತು, ಖಾರ ಇರಲಿಲ್ಲ. ಮನೆಯಲ್ಲಿ ಮಾಡಿದ ತಿನಿಸು ತರಬಾರದೆಂದು ನಿಯಮ. ಹೆಂಡತಿ ಶೇಂಗಾ ಚಟ್ನಿಪುಡಿಯನ್ನು ಔಷಧದ ಡಬ್ಬಿಯಲ್ಲಿ ತುಂಬಿ ತಂದಿದ್ದಳು. ಎರಡನೇ ದಿನ ಮೇಜಿನಡಿ ಕೈಯಿಟ್ಟು ಬ್ರೆಡ್ಡಿಗೆ ಉದುರಿಸಿಕೊಳ್ಳುವಾಗ ಬೆನ್ನ ಹಿಂದೆ ಮೆಲ್ಲನೆಯ ದನಿ: “ಹ್ವಾಯ್, ನಂಗೂ ಚೂರು ಕೊಡಿ ಅಮ್ಮ.”

ಕಪ್ಪು ಕೋಟು, ಕೊರಳಿಗೆ ಬೋ, ಕೈಯಲ್ಲಿ ಆರು ತಟ್ಟೆ. ಕುಂದಾಪುರದ ಕಡೆಯ ಹುಡುಗ, ಮೂವತ್ತರ ಆಸುಪಾಸು. ಹಿಂದಿನ ರಾತ್ರಿ ಹೆಂಡತಿ ನನ್ನನ್ನು ಬೈಯ್ಯುವಾಗಲೇ ಅವನಿಗೆ ನಾವು ಕನ್ನಡದವರೆಂದು ಗೊತ್ತಾಗಿತ್ತಂತೆ. ಆದವಾನಿ ಎಂದರೆ ಅವನಿಗೆ ತಿಳಿಯಲಿಲ್ಲ. ಮಂತ್ರಾಲಯದ ಹತ್ತಿರ ಎಂದೆ, ಮುಖ ಅರಳಿತು. ಕರಾವಳಿಯವರಿಗೆ ನಾವು ರಾಯರ ಪಕ್ಕದ ಮನೆಯವರು, ಅಷ್ಟೆ.

ಆಮೇಲೆ ದಿನಾ ತಟ್ಟೆ ಇಡುವಾಗೊಂದು ಮಾತು, ತೆಗೆಯುವಾಗೊಂದು ಮಾತು. ಅವುಗಳನ್ನು ಜೋಡಿಸಿದರೆ ಇಷ್ಟು: ಎಂಟು ತಿಂಗಳ ಕರಾರು, ಎರಡು ತಿಂಗಳು ಊರು, ಊರಿನಲ್ಲಿದ್ದಾಗ ಸಂಬಳವಿಲ್ಲ. ಸಂಪಾದನೆಯ ಬಹುಭಾಗ ಪ್ರಯಾಣಿಕರ ಬಿಲ್ಲಿಗೆ ದಿನಕ್ಕೆ ತಲಾ ಇಷ್ಟು ಡಾಲರ್ ಎಂದು ಸೇರಿಸುವ ಬಕ್ಷೀಸಿನಿಂದ ಬರಬೇಕು. ಮಲಗುವುದು ಕೆಳಗೆ, ನೀರಿನ ಮಟ್ಟಕ್ಕಿಂತ ಕೆಳಗೆ, ಒಂದರ ಮೇಲೊಂದು ಎರಡು ಹಲಗೆಮಂಚದ ಕೋಣೆಯಲ್ಲಿ, ಕಿಟಕಿಯಿಲ್ಲ. ಹಡಗಿನ ಉದ್ದಕ್ಕೂ ಕೆಲಸದವರು ಓಡಾಡುವ ಒಂದು ಓಣಿಯಿದೆ. ಅದನ್ನು ಅವರು ಐ-95 ಎನ್ನುತ್ತಾರೆ, ಅಮೆರಿಕದ ದೊಡ್ಡ ಹೆದ್ದಾರಿಯ ಹೆಸರು. ಮೂರು ಸಾವಿರ ಜನ ಮೇಲೆ ಕುಣಿಯುವಾಗ ಸಾವಿರ ಜನ ಆ ಓಣಿಯಲ್ಲಿ ಟ್ರಾಲಿ ತಳ್ಳುತ್ತಿರುತ್ತಾರೆ. ನಾನು ಅದನ್ನು ನೋಡಲಿಲ್ಲ. ಪ್ರಯಾಣಿಕರಿಗೆ ಬಿಡುವುದಿಲ್ಲ. ಒಮ್ಮೆ ಬಾಗಿಲೊಂದು ಅರೆ ತೆರೆದಾಗ ಒಳಗಿನ ಬಿಳಿ ಟ್ಯೂಬ್‌ಲೈಟು ಮತ್ತು ಗೋಡೆಗೊರಗಿ ನಿಂತು ಗಬಗಬ ತಿನ್ನುತ್ತಿದ್ದ ಒಬ್ಬ ಹೆಂಗಸು ಕಂಡರು, ಬಾಗಿಲು ಮುಚ್ಚಿಕೊಂಡಿತು.

ಇಲ್ಲೊಂದು ಲೆಕ್ಕ ಕೊಡುತ್ತೇನೆ, ನೋಟ್‌ಬುಕ್ ತೆಗೆಯಿರಿ. ಹಡಗಿನಲ್ಲಿ ದುಡಿಯುವವರಿಗಾಗಿ ಹಲವು ದೇಶಗಳು ಸೇರಿ 2006ರಲ್ಲಿ ಕಡಲ ಕಾರ್ಮಿಕರ ಒಡಂಬಡಿಕೆ ಮಾಡಿದವು. 2013ರಲ್ಲಿ ಜಾರಿಗೆ ಬಂತು, 2015ರಲ್ಲಿ ಭಾರತವೂ ಸೇರಿತು. ದುಡಿಮೆಗೆ ಮೇಲಿನ ಮಿತಿ ಇಡಬಹುದು, ಇಲ್ಲವೆ ವಿಶ್ರಾಂತಿಗೆ ಕೆಳಗಿನ ಮಿತಿ ಇಡಬಹುದು, ಆಯ್ಕೆ ಆಯಾ ದೇಶದ್ದು. ವಿಶ್ರಾಂತಿಯ ಲೆಕ್ಕ ಹಿಡಿದರೆ ವಾರಕ್ಕೆ ಕನಿಷ್ಠ 77 ಗಂಟೆ ಕೊಡಬೇಕು. ವಾರದಲ್ಲಿ 168 ಗಂಟೆ. 77 ಕಳೆಯಿರಿ. 91. ಏಳರಿಂದ ಭಾಗಿಸಿ. ದಿನಕ್ಕೆ 13 ಗಂಟೆ, ಭಾನುವಾರವೂ ಸೇರಿ. ಇದು ಕಾಯ್ದೆ ಮುರಿದ ಧಣಿಯ ಲೆಕ್ಕವಲ್ಲ, ಪಾಲಿಸಿದವನ ಲೆಕ್ಕ.

“ಬಿಟ್ಟು ಹೋಗ್ಬೇಕಂತ ಅನಿಸೋದಿಲ್ಲೇನಪ್ಪ?” ಎಂದು ಕೇಳಿದೆ. ಮನೆ ಕಟ್ಟಿದ್ದೇನೆ, ಸಾಲವಿದೆ ಎಂದ. ಫೋನು ತೆಗೆದು ಮಗಳ ಫೋಟೊ ತೋರಿಸಿದ. ಮೂರು ವರ್ಷದ ಕೂಸು. ಅವಳು ಹುಟ್ಟಿದ ಮೇಲೆ ಜೊತೆಗಿದ್ದ ದಿನಗಳನ್ನು ಅವನು ತಿಂಗಳಲ್ಲಿ ಲೆಕ್ಕ ಹಾಕುತ್ತಾನೆ; ಒಂದು ಕೈಯ ಬೆರಳು ಮುಗಿದು ಇನ್ನೊಂದು ಕೈಗೆ ಒಂದು ಬೆರಳು ಹೋಯಿತು. ನಮ್ಮ ಕಡೆ ಇದಕ್ಕೆ ಗುಳೆ ಅಂತಾರೆ ಎಂದೆ. ಆ ಶಬ್ದ ಅವನಿಗೆ ಹೊಸದು. ಹೇಳಿಕೊಟ್ಟೆ.

ಬರೀ ನೀರಿನ ಆ ಎರಡು ದಿನ ಕಳೆಯುವುದು ಕಷ್ಟ. ಕುಣಿತ, ಜೂಜು, ಈಜು, ಯಾವುದೂ ನನ್ನದಲ್ಲ. ಮೇಲಂತಸ್ತಿನ ಒರಗುಕುರ್ಚಿಯಲ್ಲಿ ಕೂತು ನೀರು ನೋಡಿದೆ, ಮೊಬೈಲಿನಲ್ಲಿ ಇಳಿಸಿಕೊಂಡಿದ್ದ ಕೊಲಂಬಸನ ಚರಿತ್ರೆ ಓದಿದೆ. 1492ರ ಅಕ್ಟೋಬರ್ 12ರಂದು ಅವನು ಈ ಕಡೆಯ ಒಂದು ದ್ವೀಪದಲ್ಲಿ ಕಾಲಿಟ್ಟಾಗ ಅಲ್ಲಿನವರು ಈಜಿಕೊಂಡು, ದೋಣಿ ಹತ್ತಿ ಬಂದು ಮಾರಿದ್ದು ಏನು ಗೊತ್ತೇ? ಗಿಳಿ, ಈಟಿ, ಮತ್ತು ಹತ್ತಿ ನೂಲಿನ ಉಂಡೆ. ಎರಡನೇ ಮುಂಬಯಿ ಎನಿಸಿಕೊಂಡ ನಮ್ಮ ಹತ್ತಿ ಪೇಟೆಯವನಿಗೆ ಇದು ಕಣ್ಣಿಗೆ ಬೀಳದೆ ಇರುತ್ತದೆಯೇ. ನಿಮ್ಮ ಅಪ್ಪಂದಿರು ಬಿತ್ತಿದ ವರಲಕ್ಷ್ಮಿ ಹತ್ತಿ ನೆನಪಿದೆಯೇ? 1972ರಲ್ಲಿ ಧಾರವಾಡದಲ್ಲಿ ಕಟರಕಿಯವರು ಮಾಡಿದ ತಳಿ. ಅದರ ಒಂದು ಕಡೆಯ ಹಿರಿಯರ ಶಾಸ್ತ್ರೀಯ ಹೆಸರು ಬಾರ್ಬಡೆನ್ಸ್, ಈ ಸಮುದ್ರದ ಬಾರ್ಬಡೋಸ್ ದ್ವೀಪದಿಂದ ಬಂದ ಹೆಸರು. ಮೆಣಸಿನಕಾಯಿಯೂ ಅಷ್ಟೆ. ಕೊಲಂಬಸ್ ಕಾಣುವವರೆಗೆ ನಮ್ಮ ದೇಶದ ಯಾವ ಸಾರಿನಲ್ಲೂ ಅದು ಬಿದ್ದಿರಲಿಲ್ಲ. ಹತ್ತಿ, ಮೆಣಸಿನಕಾಯಿ. ಗುಂಟೂರಿನ ಗುಳೆಯೆಂದರೆ ಇವೆರಡೇ ಅಲ್ಲವೇ.

ಇದನ್ನು ಕುಂದಾಪುರದವನಿಗೆ ಹೇಳಿದೆ. “ಹೌದಾ ಸಾರ್” ಎಂದು ತಟ್ಟೆ ಎತ್ತಿಕೊಂಡು ಓಡಿದ. ಪಾಠ ಕೇಳಲು ಅವನಿಗೆ ಪುರುಸೊತ್ತಿರಲಿಲ್ಲ.

ಮೂರನೇ ರಾತ್ರಿ ಗಡಿಯಾರ ಒಂದು ಗಂಟೆ ಮುಂದಿಡಿಸಿದರು. ನಾಲ್ಕನೇ ಬೆಳಿಗ್ಗೆ ಸೇಂಟ್ ಮಾರ್ಟಿನ್.

ಈ ದ್ವೀಪ ಮಾತ್ರ ನಿಮಗೆ ತೋರಿಸಬೇಕಿತ್ತು. ಎಲ್ಲ ಸೇರಿ ಸುಮಾರು 87 ಚದರ ಕಿಲೋಮೀಟರ್. ಅಷ್ಟರಲ್ಲೇ ಎರಡು ದೇಶ: ಬಡಗಣ ಪಾಲು ಫ್ರೆಂಚರದು, ತೆಂಕಣ ಪಾಲು ಡಚ್ಚರದು. 1648ರಲ್ಲಿ ಒಪ್ಪಂದ ಮಾಡಿಕೊಂಡು ಹಂಚಿಕೊಂಡರು. ಗಡಿಯಲ್ಲಿ ಗೇಟಿಲ್ಲ, ಪೊಲೀಸನಿಲ್ಲ. ಒಂದು ಕಲ್ಲು, ಎರಡು ಬಾವುಟ. ನಮ್ಮ ಟ್ಯಾಕ್ಸಿಯವನು ಬೆಳಗಿನಿಂದ ನಾಲ್ಕು ಸಲ ಗಡಿ ದಾಟಿದ. ಡಚ್ಚರ ಕಡೆ ಡಚ್ ಆಡುವವರು ಸಿಗಲಿಲ್ಲ, ಬೀದಿಯಲ್ಲೆಲ್ಲ ಇಂಗ್ಲಿಷು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು, ರಾಯದುರ್ಗ ಮೂರು ತಾಲೂಕು ಆಂಧ್ರಕ್ಕೆ ಹೋದವೆಂದು ನಿಮಗೆ ಎಷ್ಟು ಸಲ ಬಾಯಿಪಾಠ ಮಾಡಿಸಿದ್ದೇನೆ. ಆ ಗೆರೆಯ ಬಗ್ಗೆ ನನಗೆ ಸಿಟ್ಟಿತ್ತು, ಗೊತ್ತಲ್ಲ. ಸಿಟ್ಟು ಆ ದಿನ ಸ್ವಲ್ಪ ಇಳಿಯಿತು. ಗೆರೆಗಿಂತ ಗೆರೆ ದಾಟುವವರ ಕಥೆ ದೊಡ್ಡದು. ಈ ದ್ವೀಪದಲ್ಲಿ ಉಪ್ಪಿನ ಹೊಂಡ ಮತ್ತು ಕಬ್ಬಿನ ಗದ್ದೆಗಳಲ್ಲಿ ಆಫ್ರಿಕದ ಗುಲಾಮರನ್ನು ದುಡಿಸುತ್ತಿದ್ದರು. 1848ರಲ್ಲಿ ಫ್ರೆಂಚರು ಗುಲಾಮಗಿರಿ ತೆಗೆದುಹಾಕಿದರು. ಡಚ್ಚರು ತೆಗೆದದ್ದು 1863ರಲ್ಲಿ. ನಡುವಿನ ಹದಿನೈದು ವರ್ಷ ಈ ಕಡೆ ಗುಲಾಮ, ಆ ಗುಡ್ಡ ಹತ್ತಿ ಇಳಿದರೆ ಸ್ವತಂತ್ರ. ಓಡಿ ದಾಟಿದವರಿದ್ದರು.

ಪೇಟೆಯಲ್ಲಿ ಸಾಲು ಸಾಲು ಚಿನ್ನ, ವಜ್ರದ ಅಂಗಡಿ. ಗಲ್ಲಾದಲ್ಲಿ ಕೂತವರು ಅನೇಕರು ಸಿಂಧಿಗಳು. ಹೆಂಡತಿ ಒಂದು ಅಂಗಡಿಯಲ್ಲಿ ಹಿಂದಿಯಲ್ಲಿ ಚೌಕಾಸಿ ಮಾಡಿ, ಏನೂ ಕೊಳ್ಳದೆ, ತಂಪು ಪಾನೀಯ ಕುಡಿದು ಬಂದಳು.

ಈಗ ಹೇಳಬೇಕೆಂದಿದ್ದ ಮಾತು.

ಹಡಗಿನಿಂದ ಇಳಿಯುವಾಗ ಪ್ರತಿಯೊಬ್ಬರೂ ಕಾರ್ಡನ್ನು ಯಂತ್ರಕ್ಕೆ ತೋರಿಸಬೇಕು; ಟಿಂಗ್ ಎನ್ನುತ್ತದೆ, ಪರದೆಯ ಮೇಲೆ ನಿಮ್ಮ ಮುಖ ಮೂಡುತ್ತದೆ. ಹತ್ತುವಾಗ ಮತ್ತೆ ಟಿಂಗ್. ಯಾರು ಒಳಗೆ, ಯಾರು ಹೊರಗೆ ಎಂಬುದು ಒಂದು ತಲೆಯೂ ತಪ್ಪದೆ ಅವರಿಗೆ ಗೊತ್ತು. ಅದೇ ಹಡಗಿನ ಹಾಜರಿ ಪುಸ್ತಕ. ಅಂದು ನಾಲ್ಕೂವರೆಗೆ ಎಲ್ಲರೂ ಒಳಗಿರಬೇಕು, ಐದಕ್ಕೆ ಹೊರಡುವುದು. ನಾಲ್ಕೂವರೆಗೆ ಮೈಕಿನಲ್ಲಿ ಎರಡು ಹೆಸರು ಕರೆದರು, ಗಂಡ ಹೆಂಡತಿ. ಕಾಲು ಗಂಟೆ ಬಿಟ್ಟು ಮತ್ತೆ ಕರೆದರು. ಐದಕ್ಕೆ ಮೂರನೇ ಸಲ. ಅಷ್ಟರಲ್ಲಿ ಮೇಲಿನ ಅಂತಸ್ತುಗಳ ಕಂಬಿಗೆ ಜನ ಜೇನಿನಂತೆ ಮುತ್ತಿದ್ದರು. ಐದು ಹತ್ತಕ್ಕೆ ಕಟ್ಟೆಯ ಆ ತುದಿಯಲ್ಲಿ ಒಬ್ಬ ದಪ್ಪ ಗಂಡಸು, ಚಪ್ಪಲಿ ಕೈಯಲ್ಲಿ ಹಿಡಿದ ಹೆಂಗಸು ಓಡಿಬರುವುದು ಕಂಡಿತು. ಸಾವಿರಾರು ಜನ ಸಿಳ್ಳೆ ಹೊಡೆದರು, ಚಪ್ಪಾಳೆ ತಟ್ಟಿದರು. ಹಗ್ಗ ಬಿಚ್ಚಲು ನಿಂತಿದ್ದ ಕೆಲಸದವರೂ ಬನ್ನಿ ಬನ್ನಿ ಎಂದು ಕೈಬೀಸಿದರು. ಅವರ ಒಂದು ಚೀಲ ಬಿತ್ತು, ಒಬ್ಬ ಕೆಲಸದವನು ಓಡಿಹೋಗಿ ಎತ್ತಿಕೊಂಡ. ಅವರಿಬ್ಬರೂ ಒಳಗೆ ಬಂದ ಮೇಲೆಯೇ ಮೆಟ್ಟಿಲು ಎಳೆದದ್ದು. ಹಡಗು ಎಲ್ಲ ಸಲವೂ ಹೀಗೆ ಕಾಯುವುದಿಲ್ಲ, ಬಿಟ್ಟು ಹೋಗುವುದೂ ಉಂಟು ಎಂದು ಅಳಿಯ ಹೇಳಿದ. ಅಂದು ಕಾಯಿತು.

ಚಪ್ಪಾಳೆಗೆ ಎತ್ತಿದ ನನ್ನ ಕೈ ಹಾಗೇ ನಿಂತಿತು.

ದೀಪಾವಳಿ ಕಳೆದು ಹದಿನೈದು ದಿನಕ್ಕೆ ನಮ್ಮ ತರಗತಿ ಹೇಗಿರುತ್ತಿತ್ತು, ನೆನಪಿದೆಯೇ? ಮಳೆ ಕೈಕೊಟ್ಟ ವರ್ಷ ಇನ್ನೂ ಬೇಗ. ರಾತ್ರಿ ಲಾರಿ ಬರುತ್ತಿತ್ತು. ಮೇಸ್ತ್ರಿ ಮುಂಗಡ ಕೊಟ್ಟಿರುತ್ತಿದ್ದ. ಜೋಳದ ಚೀಲ, ಪಾತ್ರೆ, ಕೋಳಿ, ಕೂಸು, ಕೂಸನ್ನು ಆಡಿಸಲು ನೀವು. ಬೆಳಿಗ್ಗೆ ಬಂದು ನೋಡಿದರೆ ಅರ್ಧ ಬೆಂಚು ಖಾಲಿ. ಡಿಸೆಂಬರ್ ಪೂರ್ತಿ ನಾನು ಗೈರು ಗೈರು ಎಂದು ಬರೆಯುತ್ತಿದ್ದೆ. ಜನವರಿಯಲ್ಲಿ ಹಾಜರಿ ಪುಸ್ತಕ ತೆಗೆದು ಒಂದೊಂದೇ ಹೆಸರಿನ ಮೇಲೆ ಕೆಂಪು ಇಂಕಿನಲ್ಲಿ ಗೆರೆ ಎಳೆಯುತ್ತಿದ್ದೆ. ಮೇಲಿನವರು ಹೇಳಿದ್ದರು ಎನ್ನಬಹುದು. ಆದರೆ ಗೆರೆ ನೆಟ್ಟಗಿರಲೆಂದು ಅಡಿಪಟ್ಟಿ ಇಟ್ಟುಕೊಂಡವನು ನಾನೇ. ಎಲ್ಲಿಗೆ ಹೋದಿರಿ ಎಂದು ಯಾವ ಮನೆಗೂ ಹೋಗಿ ಕೇಳಲಿಲ್ಲ. ಮೂರು ಸಲ ಹೆಸರು ಕರೆಯಲಿಲ್ಲ.

ಯುಗಾದಿಗೆ ನೀವು ಮರಳುತ್ತಿದ್ದಿರಿ. ಒಂದು ವರ್ಷ ಒಬ್ಬ ಹುಡುಗ ಬಾಗಿಲಲ್ಲಿ ನಿಂತು “ಬರ್ಲ್ಯಾ ಸಾರ್?” ಎಂದ. ಮೆಣಸಿನಕಾಯಿ ಬಿಡಿಸಿ ಬಿಡಿಸಿ ಬೆರಳ ತುದಿಯ ಚರ್ಮ ಸುಲಿದಿತ್ತು, ಕೈ ಬೆನ್ನ ಹಿಂದೆ ಇಟ್ಟುಕೊಂಡಿದ್ದ. “ನಿನ್ನ ಹೆಸರಿಲ್ಲ, ಹೋಗು” ಎಂದೆ. ಅವನು ಅಳಲಿಲ್ಲ. ಹೊರಗೆ ಹೋಗಿ, ತಾನು ಕೂರುತ್ತಿದ್ದ ಜಾಗದ ಆ ಕಡೆ, ಕಿಟಕಿಯ ಹೊರಗೆ ನಿಂತು, ನಾವು ಹದಿಮೂರರ ಮಗ್ಗಿ ಮುಗಿಸುವವರೆಗೂ ಕೇಳಿ ಹೊರಟುಹೋದ. ಮತ್ತೆ ಶಾಲೆಗೆ ಬರಲಿಲ್ಲ. ಬಜ್ಜಿ ಅಂಗಡಿಯ ಮುಂದೆ ನನ್ನ ಕಾಲು ಮುಟ್ಟಿದವನು ಅವನೇ.

ಶಿಕ್ಷಣ ಹಕ್ಕು ಕಾಯ್ದೆ 2010ರಿಂದ ಜಾರಿಯಲ್ಲಿದೆ, ಈಗಿನ ಮಾಸ್ತರರು ಹಾಗೆ ಮಾಡುವಂತಿಲ್ಲ. ಮಾಡಿದ ನಾನು ತಿಂಗಳ ಮೊದಲ ವಾರ ಪಿಂಚಣಿ ತೆಗೆದುಕೊಳ್ಳುತ್ತಿದ್ದೇನೆ.

ಸೇಂಟ್ ಥಾಮಸ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅಲ್ಲಿ ಇಳಿದರೂ ನನ್ನ ಮನಸ್ಸು ಇಳಿದಿರಲಿಲ್ಲ. 1917ರಲ್ಲಿ ಡೆನ್ಮಾರ್ಕ್ ಆ ದ್ವೀಪಗಳನ್ನು ಅಮೆರಿಕಕ್ಕೆ 2.5 ಕೋಟಿ ಡಾಲರಿಗೆ ಮಾರಿತು ಎಂಬುದಷ್ಟು ತಲೆಯಲ್ಲಿ ಉಳಿಯಿತು. ಬಹಾಮಾಸ್‌ನ ಮರಳಿನಲ್ಲಿ ಹೆಂಡತಿ ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗಿಳಿದಳು. ತುಂಗಭದ್ರೆಯಲ್ಲಿ ಮಾಡುವಂತೆ ಮೂರು ಬೊಗಸೆ ನೀರು ಬಿಟ್ಟಳು, ಒಂದು ಹನಿ ನಾಲಿಗೆಗಿಟ್ಟು ಉಗಿದಳು.

ಕೊನೆಯ ಬೆಳಿಗ್ಗೆ ಎಲ್ಲರನ್ನೂ ಅವಸರದಲ್ಲಿ ಇಳಿಸುತ್ತಾರೆ. ಮಧ್ಯಾಹ್ನಕ್ಕೇ ಮುಂದಿನ ಮೂರು ಸಾವಿರ ಜನ ಹತ್ತಬೇಕು. ಅಷ್ಟರಲ್ಲಿ ಅಷ್ಟೂ ಹಾಸಿಗೆ ಬದಲಾಗಬೇಕು, ಅಷ್ಟೂ ಆನೆ ಮತ್ತೆ ಕೂರಬೇಕು. ಕುಂದಾಪುರದವನು ಊಟದ ಮನೆಯ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೈಮುಗಿಯುತ್ತಿದ್ದ. ಹೆಂಡತಿ ಔಷಧದ ಡಬ್ಬಿಯನ್ನು ಅವನ ಕೋಟಿನ ಜೇಬಿಗೆ ತುರುಕಿದಳು. ಅವನು ಡಬ್ಬಿಯ ಮೇಲಿನ ಚೀಟಿ ಓದಿ ನಕ್ಕ: ದಿನಕ್ಕೆ ಎರಡು ಸಲ, ಊಟವಾದ ಮೇಲೆ.

ನಿಮ್ಮಲ್ಲಿ ಕೆಲವರ ಮಕ್ಕಳು ಪಿಯುಸಿ, ಡಿಗ್ರಿ ಮುಗಿಸಿ ಇಂಥ ಕೆಲಸ ಹುಡುಕುತ್ತಿದ್ದಾರೆಂದು ಕೇಳಿದ್ದೇನೆ. ಬೇಡ ಎನ್ನಲಾರೆ, ಮಿರ್ಚಿ ಹೊಲಕ್ಕಿಂತ ಕೈತುಂಬ ಸಿಗುತ್ತದೆ. ಒಂದೇ ಎಚ್ಚರ. ಅವನು ಹೇಳಿಕೊಟ್ಟದ್ದನ್ನು ಹಾಗೇ ಬರೆಯುತ್ತೇನೆ. ಹಡಗಿಗೆ ಹೋಗುವವರಿಗೆ ಸಿಡಿಸಿ ಎಂಬ ನಾವಿಕರ ಪುಸ್ತಕ ಬೇಕು, ಎಸ್‌ಟಿಸಿಡಬ್ಲ್ಯು ಎಂಬ ಸುರಕ್ಷತಾ ತರಬೇತಿ ಬೇಕು. ಕೆಲಸ ಕೊಡಿಸುವ ಏಜೆಂಟನಿಗೆ ಕೇಂದ್ರ ಸರ್ಕಾರದ ಡಿಜಿ ಶಿಪ್ಪಿಂಗ್ ಕೊಡುವ ಆರ್‌ಪಿಎಸ್‌ಎಲ್ ಲೈಸೆನ್ಸ್ ಇರಬೇಕು. ಆ ಪಟ್ಟಿಯಲ್ಲಿ ಹೆಸರಿದೆಯೇ ನೋಡದೆ ಮಾತೇ ಆಡಬೇಡಿ. ಕೆಲಸ ಕೊಡಿಸಿದ್ದಕ್ಕೆ ನಾವಿಕನಿಂದ ಕಮಿಷನ್ ತೆಗೆದುಕೊಳ್ಳಬಾರದೆಂದು ನಾನು ಹೇಳಿದ ಒಡಂಬಡಿಕೆಯಲ್ಲೇ ಇದೆ. ಲಕ್ಷ ಕೊಡಿ, ಮುಂದಿನ ತಿಂಗಳೇ ಹಡಗು ಎನ್ನುವವನು ಮೇಸ್ತ್ರಿಯೂ ಅಲ್ಲ, ಕಳ್ಳ.

ಇನ್ನು ನನ್ನ ಕೋರಿಕೆ. ವಲಸೆ ಹೋಗುವವರ ಮಕ್ಕಳಿಗೆ ಸೀಸನಲ್ ಹಾಸ್ಟೆಲ್ ತೆರೆಯುವ ಏರ್ಪಾಡು ನಮ್ಮ ಜಿಲ್ಲೆಯಲ್ಲಿ ಇದೆ. ನಿಮ್ಮೂರ ಶಾಲೆಯಲ್ಲಿ ಈಗಲೇ ಹೋಗಿ ಕೇಳಿ, ಲಾರಿ ಬಂದ ರಾತ್ರಿ ಅಲ್ಲ. ಅಲ್ಲಿ ಜಾಗ ಸಿಗದಿದ್ದರೆ ನಮ್ಮ ಮನೆಯ ಮಹಡಿಯ ಎರಡು ಕೋಣೆ ಖಾಲಿ ಬಿದ್ದಿವೆ. ಮಗಳ ಪುಸ್ತಕ, ಹಳೆಯ ತೊಟ್ಟಿಲು ತೆಗೆದು ಸುಣ್ಣ ಹೊಡೆಸಿದ್ದೇನೆ. ಎಂಟು ಮಕ್ಕಳು ಮಲಗಬಹುದು, ಒಬ್ಬರ ಮೇಲೊಬ್ಬರಲ್ಲ, ಪಕ್ಕಪಕ್ಕ. ಎರಡೂ ಕೋಣೆಗೆ ಕಿಟಕಿಯಿದೆ. ಹೆಂಡತಿ ಒಪ್ಪಿದ್ದಾಳೆ, ಆದರೆ ರೊಟ್ಟಿ ಬಡಿಯಲು ಒಬ್ಬರು ಬೇಕೆಂದು ಕರಾರು ಹಾಕಿದ್ದಾಳೆ. ನೀರನ್ನು ಅವಳೇ ತುಂಬಿಡುತ್ತಾಳೆ. ಬೆಳಿಗ್ಗೆ ಶಾಲೆಗೆ ಕಳಿಸುವುದು, ಸಂಜೆ ಮಗ್ಗಿ ಹೇಳಿಸುವುದು ನನ್ನ ಪಾಲು. ಹಣ ಬೇಡ, ಜೋಳ ಇದ್ದವರು ಜೋಳ ಕೊಡಿ.

ಹತ್ತಿ ಮಾರ್ಕೆಟ್ಟಿನವನಿಗೆ ಆರನೇ ತರಗತಿಯ ಮಗಳಿದ್ದಾಳೆಂದು ಆಮೇಲೆ ತಿಳಿಯಿತು. ಈ ಭಾನುವಾರ ನಾನೇ ಅವನ ಮನೆಗೆ ಹೋಗುತ್ತೇನೆ. ಉಳಿದವರು ದೀಪಾವಳಿಗೆ ಮುಂಚೆ ಹೇಳಿಕಳಿಸಿ. ಹೇಳಲು ಆಗದಿದ್ದರೆ, ಹೊರಡುವ ರಾತ್ರಿ ನಿಮ್ಮ ಲಾರಿ ಹೇಗೂ ಕೋಟೆ ಕೆಳಗಿನ ನಮ್ಮ ರಸ್ತೆಯಲ್ಲೇ ಹಾದುಹೋಗುತ್ತದೆ. ಹತ್ತು ನಿಮಿಷ ನಿಲ್ಲಿಸಿ. ಲೈಟು ಹಾಕಿರುತ್ತೇನೆ.

ಇಂತಿ,
ನಿಮ್ಮ ಸಾರ್
ಆದವಾನಿ